ದೀರ್ಘ ಚಾರಣದ ದಾರಿಯಲ್ಲಿ ಹಂಗಿಲ್ಲದ ಆತಿಥ್ಯ: ಧರ್ಮಶ್ರದ್ಧೆಯ ಆತಿಥೇಯರಿಗೂ ಚಾರಣಿಗರಿಗೂ ಒಂದು ಕೈಪಿಡಿ

ಅಮೆರಿಕದ ಪೂರ್ವದ ಬೆಟ್ಟಸಾಲಿನ ಮೇಲೆ, ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇಯ್ನ್‌ನ ಕಟಾಡಿನ್ ಶಿಖರದವರೆಗೆ, ಹದಿನಾಲ್ಕು ರಾಜ್ಯಗಳನ್ನು ಹಾದು ಹೋಗುವ ಅಪಲೇಚಿಯನ್ ಟ್ರೇಲ್ ಸುಮಾರು 2,190 ಮೈಲು, ಅಂದರೆ 3,500 ಕಿಲೋಮೀಟರ್ ಉದ್ದದ ಕಾಲುದಾರಿ. ಅದನ್ನು ಒಂದೇ ಓಟದಲ್ಲಿ ನಡೆದು ಮುಗಿಸಲು ಐದರಿಂದ ಏಳು ತಿಂಗಳು ಹಿಡಿಯುತ್ತದೆ. ಹಾಗೆ ಹೊರಟವರಲ್ಲಿ ಕೊನೆ ಮುಟ್ಟುವವರು ಸುಮಾರು ನಾಲ್ವರಲ್ಲಿ ಒಬ್ಬರು ಮಾತ್ರ. ಬೆನ್ನಿನ ಚೀಲದಲ್ಲಿ ನಾಲ್ಕೈದು ದಿನಗಳ ಆಹಾರವಷ್ಟೇ ಹಿಡಿಸುವುದರಿಂದ ಚಾರಣಿಗರು ಮತ್ತೆ ಮತ್ತೆ ರಸ್ತೆಗೆ ಇಳಿದು, ಊರು ಸೇರಿ, ದಿನಸಿ ತುಂಬಿಕೊಂಡು ಬೆಟ್ಟಕ್ಕೆ ಮರಳಬೇಕಾಗುತ್ತದೆ. ಹೀಗೆ ಹೋಗಿ ಬರುವಾಗ ಅಪರಿಚಿತರ ನೆರವು ಬೇಕೇ ಬೇಕು. ಕಾರಿನಲ್ಲಿ ಊರಿಗೆ ಬಿಡುವವರು, ದಾರಿ ರಸ್ತೆಯನ್ನು ದಾಟುವ ಕಡೆ ಬಿಸಿ ಊಟ ಇಟ್ಟುಕೊಂಡು ಕಾಯುವವರು, ರಾತ್ರಿ ಮಲಗಲು ಜಾಗ ಕೊಡುವವರು, ಇವರನ್ನು ಚಾರಣಿಗರು ‘ಟ್ರೇಲ್ ಏಂಜೆಲ್’ ಎಂದೂ ಇವರ ಉಪಕಾರವನ್ನು ‘ಟ್ರೇಲ್ ಮ್ಯಾಜಿಕ್’ ಎಂದೂ ಕರೆಯುತ್ತಾರೆ.

ಇವರಲ್ಲಿ ಬಹಳ ಮಂದಿ ತಮ್ಮ ಧರ್ಮಶ್ರದ್ಧೆಯಿಂದಲೇ ಈ ಕೆಲಸಕ್ಕೆ ಬಂದವರು. ದಾರಿಯುದ್ದಕ್ಕೂ ಸಣ್ಣ ಊರುಗಳ ಚರ್ಚುಗಳು ಚಾರಣಿಗರಿಗೆ ನೆಲಮಾಳಿಗೆಯನ್ನೋ ಸಭಾಂಗಣವನ್ನೋ ಬಿಟ್ಟುಕೊಟ್ಟಿವೆ, ಅಡುಗೆ ಮಾಡಿ ಬಡಿಸಿವೆ. ಆ ಬಾಗಿಲುಗಳು ಇಲ್ಲದಿದ್ದರೆ ಈ ದಾರಿ ಇನ್ನೂ ಎಷ್ಟೋ ಕಠಿಣವಾಗಿರುತ್ತಿತ್ತು. ಆದರೆ ಅದೇ ದಾರಿಯಲ್ಲಿ, ತಟ್ಟೆ ಕೈಗೆ ಬರುವ ಮೊದಲೇ ಉಪದೇಶ ಕೇಳಬೇಕಾಗಿ ಬಂದವರು, ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ತಮ್ಮ ಆತ್ಮದ ಗತಿಯ ಬಗ್ಗೆ ಉತ್ತರ ಹೇಳಬೇಕಾಗಿ ಬಂದವರು ಕೂಡ ಇದ್ದಾರೆ. ಈ ಕೈಪಿಡಿ ಇಬ್ಬರಿಗಾಗಿ: ದಾರಿಯ ಸಮೀಪದಲ್ಲಿ ನೆಲೆಸಿ, ಚರ್ಚು, ದೇವಸ್ಥಾನ, ಗುರುದ್ವಾರ ಅಥವಾ ಸ್ವಂತ ಮನೆಯ ಮೂಲಕ ಚಾರಣಿಗರಿಗೆ ಏನಾದರೂ ಮಾಡಬೇಕೆಂದಿರುವವರಿಗೆ ಮತ್ತು ಆ ದಾರಿಯನ್ನು ನಡೆಯಲು ಹೊರಟವರಿಗೆ. ಮುಂದೆ ಹೇಳುವ ಎಲ್ಲ ಸಲಹೆಗಳೂ ಒಂದೇ ನಿಲುವಿನಿಂದ ಹುಟ್ಟಿದವು. ಕೊಡಬೇಕಾದದ್ದನ್ನೆಲ್ಲ ಕೊಟ್ಟು ಮುಗಿಸುವ ತನಕ ಆತಿಥೇಯರು ಧರ್ಮದ ಮಾತನ್ನು ತಾವಾಗಿ ಎತ್ತಬಾರದು. ಎತ್ತಿದ ಮೇಲೆ ಅದು ಬೇಡವೆಂದು ಹೇಳಿದ ಅತಿಥಿ ಏನನ್ನೂ ಕಳೆದುಕೊಳ್ಳಬಾರದು.

ಬಂದವರು ಯಾವ ಸ್ಥಿತಿಯಲ್ಲಿದ್ದಾರೆ

ತಿಂಗಳುಗಟ್ಟಲೆ ನಡೆಯುವವರ ದೇಹ ದಿನಕ್ಕೆ 4,000ದಿಂದ 6,000 ಕ್ಯಾಲೊರಿಗಳವರೆಗೆ ಬೇಡುತ್ತದೆ. ಅಷ್ಟನ್ನು ಹೊತ್ತು ನಡೆಯಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ಅವರ ಹಸಿವು ಒಂದು ಹೊತ್ತಿನ ಊಟ ತಪ್ಪಿದವರ ಹಸಿವಲ್ಲ, ವಾರಗಳಿಂದ ಒಳಗೆ ಕೂಡಿಕೊಂಡು ಬಂದ ಹಸಿವು. ಏಪ್ರಿಲ್ ತಿಂಗಳ ತಣ್ಣನೆಯ ಮಳೆಯಲ್ಲಿ ಮೂರು ದಿನ ನಡೆದು ರಸ್ತೆಗೆ ಬಂದವರನ್ನು ಹತ್ತಿರದಿಂದ ಗಮನಿಸಿ. ಬೆರಳುಗಳು ಮರಗಟ್ಟಿ ಮಳೆಯಂಗಿಯ ಜಿಪ್ ಎಳೆಯಲಾಗುವುದಿಲ್ಲ. ಕಾಲುಚೀಲ ಹಿಂಡಿದರೆ ಕೆಸರುನೀರು ಸುರಿಯುತ್ತದೆ. ಮಾತಾಡಿಸಿದರೆ ಉತ್ತರ ಕೊಡುತ್ತಾರೆ, ಆದರೆ ಕಣ್ಣು ಒಲೆಯ ಮೇಲಿನ ಪಾತ್ರೆಯನ್ನು ಬಿಟ್ಟು ಕದಲುವುದಿಲ್ಲ. ಆ ಹೊತ್ತಿನಲ್ಲಿ ಯಾವ ಪ್ರಶ್ನೆ ಕೇಳಿದರೂ ಅವರು ಹೌದೆಂದು ತಲೆಯಾಡಿಸುತ್ತಾರೆ. ಆ ತಲೆಯಾಡಿಕೆಯನ್ನು ಒಪ್ಪಿಗೆಯೆಂದು ಎಣಿಸುವುದು ಅವರಿಗಷ್ಟೇ ಅಲ್ಲ, ನಿಮ್ಮ ನಂಬಿಕೆಗೂ ಮಾಡುವ ಅನ್ಯಾಯ. ತಮ್ಮ ಧರ್ಮವನ್ನು ಗೌರವಿಸುವ ಯಾರಿಗೂ ಅದನ್ನು ಒಬ್ಬನ ಹಸಿವಿನ ಬಲದ ಮೇಲೆ ಒಪ್ಪಿಸುವ ಮನಸ್ಸು ಬರಬಾರದು.

ಎದುರಿಗಿರುವವರ ಜೊತೆ ಈಗ ಧರ್ಮದ ವಿಷಯ ಮಾತಾಡಬಹುದೇ ಎಂಬ ಸಂದೇಹ ಬಂದರೆ ಎರಡು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ. ಇವರು ಈ ಕ್ಷಣದಲ್ಲಿ ಎದ್ದು ಹೋಗಬಹುದೇ? ಇವರಿಗೆ ನನ್ನಿಂದ ಇನ್ನೂ ಏನಾದರೂ ಸಿಗಬೇಕಾಗಿದೆಯೇ? ಮೊದಲನೆಯದಕ್ಕೆ ಇಲ್ಲವೆಂದೋ ಎರಡನೆಯದಕ್ಕೆ ಹೌದೆಂದೋ ಉತ್ತರ ಬಂದರೆ ಸುಮ್ಮನಿರುವುದೇ ಸರಿ. ಈ ಅಳತೆಯಲ್ಲಿ ನೋಡಿದರೆ ಮತಪ್ರಚಾರಕ್ಕೆ ಎಲ್ಲಕ್ಕಿಂತ ಅನುಚಿತವಾದ ಜಾಗ ಓಡುತ್ತಿರುವ ಕಾರು. ಬೆಟ್ಟದ ತಲೆಯಿಂದ ಊರಿಗೆ ಹತ್ತು ಹನ್ನೆರಡು ಮೈಲು ದೂರವಿದ್ದಾಗ, ಚೀಲ ಡಿಕ್ಕಿಯಲ್ಲಿದ್ದಾಗ, ಬಾಗಿಲು ನಿಮ್ಮ ಕೈಯಳತೆಯಲ್ಲಿದ್ದಾಗ, ಕುಳಿತವರು ಇಳಿಯಲಾರರು, ಎದುರಾಡಲಾರರು. ಒಂಟಿಯಾಗಿ ಕಾರು ಹತ್ತಿದ ಹೆಣ್ಣುಮಗಳಿಗಂತೂ ಚಾಲಕರ ಸ್ವರ ಸ್ವಲ್ಪ ಗಟ್ಟಿಯಾದರೂ ಅದು ಹೆದರಿಕೆಯ ವಿಷಯ. ಆದ್ದರಿಂದ ಕಾರಿನಲ್ಲಿ ಮಳೆ, ದಾರಿ, ಊರಿನ ಅಂಗಡಿ ಯಾವಾಗ ಮುಚ್ಚುತ್ತದೆ ಎಂಬಷ್ಟನ್ನು ಮಾತಾಡಿ. ಅತಿಥಿಯ ಬಟ್ಟೆ ನಿಮ್ಮ ಮನೆಯ ಡ್ರೈಯರ್‌ನಲ್ಲಿ ತಿರುಗುತ್ತಿರುವಾಗ, ರಾತ್ರಿ ನಿಮ್ಮ ಸೂರಿನ ಕೆಳಗೆ ಮಲಗುವುದು ಇನ್ನೂ ಬಾಕಿಯಿರುವಾಗ ಕೂಡ ಇದೇ ನಿಯಮ ಅನ್ವಯಿಸುತ್ತದೆ.

ಈ ದಾರಿಯಲ್ಲೇ ಇರುವ ಮಾದರಿಗಳು

ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ಪೆನ್ಸಿಲ್ವೇನಿಯಾ ನ್ಯೂಜೆರ್ಸಿಗಳ ಗಡಿಯಲ್ಲಿರುವ ಡೆಲಾವೇರ್ ವಾಟರ್ ಗ್ಯಾಪ್ ಎಂಬ ಊರಿನ ಪ್ರೆಸ್ಬಿಟೀರಿಯನ್ ಚರ್ಚು ದಶಕಗಳಿಂದ ತನ್ನ ನೆಲಮಾಳಿಗೆಯನ್ನು ಚಾರಣಿಗರ ತಂಗುದಾಣವಾಗಿ ನಡೆಸುತ್ತ ಬಂದಿದೆ. ಅಲ್ಲಿ ದರವಿಲ್ಲ, ಕೊಡುವವರು ಕೊಡಬಹುದಾದ ಕಾಣಿಕೆಯಷ್ಟೇ ಇದೆ. ವರ್ಜೀನಿಯಾದ ಪಿಯರಿಸ್‌ಬರ್ಗ್‌ನ ಕ್ಯಾಥೊಲಿಕ್ ಚರ್ಚು, ಅದೇ ರಾಜ್ಯದ ಡಮಾಸ್ಕಸ್‌ನ ಮೆಥಡಿಸ್ಟ್ ಚರ್ಚು ಕೂಡ ಹೀಗೆಯೇ ಜಾಗ ಮಾಡಿಕೊಟ್ಟಿವೆ. ನ್ಯೂಯಾರ್ಕಿನ ಗ್ಯಾರಿಸನ್ ಬಳಿಯ ಗ್ರೇಮೂರ್‌ನಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ತಮ್ಮ ಆಟದ ಬಯಲಿನಲ್ಲಿ ಡೇರೆ ಹಾಕಿಕೊಳ್ಳಲು ಚಾರಣಿಗರಿಗೆ ಅವಕಾಶ ಕೊಟ್ಟಿದ್ದಾರೆ. ಸಂತ ಬೆನೆಡಿಕ್ಟ್ ಆರನೆಯ ಶತಮಾನದಲ್ಲಿ ಮಠಗಳಿಗಾಗಿ ಬರೆದ ನಿಯಮಾವಳಿಯ ಐವತ್ತಮೂರನೆಯ ಅಧ್ಯಾಯ ಬಂದ ಪ್ರತಿಯೊಬ್ಬ ಅತಿಥಿಯನ್ನೂ ಕ್ರಿಸ್ತನನ್ನು ಬರಮಾಡಿಕೊಳ್ಳುವಂತೆ ಬರಮಾಡಿಕೊಳ್ಳಬೇಕೆಂದು ವಿಧಿಸುತ್ತದೆ. ಅತಿಥಿಯನ್ನೇ ಕ್ರಿಸ್ತನೆಂದು ಕಂಡ ಮೇಲೆ ಅವನನ್ನು ಕ್ರಿಸ್ತನ ಕಡೆಗೆ ಎಳೆಯುವ ಆತುರ ಉಳಿಯುವುದಿಲ್ಲ ಎಂಬುದನ್ನು ಇಂಥ ಆತಿಥೇಯರು ನಡೆದು ತೋರಿಸಿದ್ದಾರೆ.

ನನಗೆ ತೀರ ಮೆಚ್ಚುಗೆಯಾದದ್ದು ಉತ್ತರ ಕ್ಯಾರೊಲೈನಾದ ಫ್ರ್ಯಾಂಕ್ಲಿನ್‌ನ ಬ್ಯಾಪ್ಟಿಸ್ಟ್ ಚರ್ಚು ವಸಂತಕಾಲದಲ್ಲಿ ವರ್ಷಗಟ್ಟಲೆ ನಡೆಸಿದ ಬೆಳಗಿನ ಪ್ಯಾನ್‌ಕೇಕ್ ಉಪಾಹಾರ. ಜಾರ್ಜಿಯಾದಿಂದ ಹೊರಟವರಿಗೆ ಆ ಊರು ಸಿಗುವುದು ಸುಮಾರು 110 ಮೈಲು ನಡೆದ ಮೇಲೆ, ಅಂದರೆ ಮನೆಯ ನೆನಪು ಇನ್ನೂ ಹಸಿಯಾಗಿರುವ ಹೊತ್ತಿಗೆ. ಚರ್ಚಿನವರು ಚಾರಣಿಗರು ತಂಗಿರುವ ಕಡೆಗೇ ವಾಹನ ಕಳಿಸಿ ಕರೆತಂದು, ಹೊಟ್ಟೆ ತುಂಬುವಷ್ಟು ಬಡಿಸಿ, ಪ್ರತಿಯೊಬ್ಬರ ಛಾಯಾಚಿತ್ರ ತೆಗೆದು, ಅದರ ಜೊತೆ ಮನೆಯವರಿಗೆ ನಾಲ್ಕು ಸಾಲು ಬರೆಯಲು ಕಾಗದ ಕೊಟ್ಟು, ಅಂಚೆಗೆ ಹಾಕುವ ಕೆಲಸವನ್ನೂ ತಾವೇ ಮಾಡುತ್ತಿದ್ದರು. ಮಗ ಅಥವಾ ಮಗಳು ಕಾಡಿನಲ್ಲಿ ಎಲ್ಲಿದ್ದಾರೋ ಎಂದು ಕಾಯುತ್ತಿರುವ ತಾಯಿಗೆ ಆ ಲಕೋಟೆ ತಲುಪಿದಾಗ ಆಗುವ ಸಮಾಧಾನವನ್ನು ಊಹಿಸಿ ನೋಡಿ. ಯಾವ ಉಪದೇಶವೂ ತಲುಪದ ಮನೆಗೆ ಚರ್ಚಿನ ಹೆಸರು ಆ ಲಕೋಟೆಯ ಮೂಲಕ ಗೌರವದಿಂದ ತಲುಪುತ್ತದೆ.

ಬೇರೆ ದೀರ್ಘ ದಾರಿಗಳಿಂದಲೂ ಕಲಿಯಬಹುದು. ಜಪಾನಿನ ಶಿಕೋಕು ದ್ವೀಪದಲ್ಲಿ 88 ದೇಗುಲಗಳನ್ನು ಸುತ್ತುವ ಸುಮಾರು 1,200 ಕಿಲೋಮೀಟರಿನ ಯಾತ್ರೆಯಲ್ಲಿ ಸ್ಥಳೀಯರು ನಡೆಯುವವರಿಗೆ ಹಣ್ಣು, ತಿಂಡಿ, ಚಹಾ, ಕೆಲವೊಮ್ಮೆ ಹಣವನ್ನೂ ಕೊಡುವ ‘ಒಸೆತ್ತಾಯಿ’ ಎಂಬ ಪದ್ಧತಿಯಿದೆ. ಕೊಡುವವರು ಯಾತ್ರಿಕನ ಜೊತೆ ಈ ಯಾತ್ರೆಯ ಮೂಲಪುರುಷರೆಂದು ಪೂಜಿತರಾದ ಬೌದ್ಧ ಗುರು ಕೋಬೊ ದಾಯಿಶಿಯೇ ನಡೆಯುತ್ತಿದ್ದಾರೆಂದು ನಂಬುತ್ತಾರೆ; ಪಡೆದವರು ಪ್ರತಿಯಾಗಿ ತಮ್ಮ ಹೆಸರು ಬರೆದ ಸಣ್ಣ ಚೀಟಿ ಕೊಡುತ್ತಾರೆ. ಕೊಟ್ಟಲ್ಲಿಗೆ ಅವರ ಧರ್ಮಕಾರ್ಯ ಪೂರ್ಣವಾಯಿತು. ಪಡೆದವನು ಬೌದ್ಧನೋ ಅಲ್ಲವೋ ಎಂಬ ವಿಚಾರಣೆಗೆ ಅಲ್ಲಿ ಎಡೆಯೇ ಇಲ್ಲ. ಸ್ಪೇನಿನಲ್ಲಿ ಸಾಂತಿಯಾಗೊ ಯಾತ್ರೆಯ ದಾರಿಯ ಮೇಲಿರುವ ಗ್ರಾನ್ಯೋನ್ ಎಂಬ ಹಳ್ಳಿಯ ಚರ್ಚಿನ ತಂಗುದಾಣದಲ್ಲಿ ಕಾಣಿಕೆ ಪೆಟ್ಟಿಗೆ ತೆರೆದೇ ಇರುತ್ತದೆ; ಕೊಡಬಲ್ಲದ್ದನ್ನು ಹಾಕಿ, ಬೇಕಾದದ್ದನ್ನು ತೆಗೆದುಕೊಳ್ಳಿ ಎಂಬರ್ಥದ ಬರಹ ಅದರ ಮೇಲಿದೆ. ಎಲ್ಲರೂ ಒಟ್ಟಿಗೆ ಕುಳಿತು ಉಂಡ ಮೇಲೆ ಪ್ರಾರ್ಥನೆ ನಡೆಯುತ್ತದೆ, ಇಷ್ಟವಿದ್ದವರು ಹೋಗುತ್ತಾರೆ. ಮೊದಲು ಊಟ, ಆಮೇಲೆ ಪ್ರಾರ್ಥನೆ, ನಡುವೆ ಎದ್ದು ಹೋಗಲು ಬಿಡುವು ಎಂಬ ಈ ಕ್ರಮವನ್ನು ಅಪಲೇಚಿಯನ್ ದಾರಿಯ ಆತಿಥೇಯರು ಹಾಗೆಯೇ ಅಳವಡಿಸಿಕೊಳ್ಳಬಹುದು.

ರಸ್ತೆಬದಿಯ ಊಟದ ಮೇಜು

ಜಾಗದ ಆಯ್ಕೆ ಮೊದಲ ಕೆಲಸ. ಕಾಡಿನ ಒಳಗೆ, ತಂಗುಮನೆಯ ಅಂಗಳದಲ್ಲಿ ಒಲೆ ಹೂಡಬೇಡಿ. ದಾರಿ ರಸ್ತೆಯನ್ನು ದಾಟುವ ಕಡೆಯ ವಾಹನ ನಿಲ್ದಾಣವೋ ಊರಿನ ಉದ್ಯಾನವೋ ಲೇಸು. ನೆಲ ತುಳಿತಕ್ಕೆ ಹಾಳಾಗುವುದಿಲ್ಲ ಎಂಬುದು ಒಂದು ಕಾರಣ. ಏಕಾಂತ ಬಯಸಿ ಬಂದವರು ನಿಮ್ಮನ್ನು ದಾಟಿ ನಡೆದು ಹೋಗಲು ಅಲ್ಲಿ ದಾರಿಯಿರುತ್ತದೆ ಎಂಬುದು ಅದಕ್ಕಿಂತ ಮುಖ್ಯ ಕಾರಣ. ಈ ದಾರಿ ಕೆಲವೆಡೆ ನ್ಯಾಷನಲ್ ಪಾರ್ಕ್ ಸರ್ವೀಸ್‌ನ ನೆಲದ ಮೇಲೆ, ಕೆಲವೆಡೆ ಫಾರೆಸ್ಟ್ ಸರ್ವೀಸ್‌ನ ಕಾಡಿನಲ್ಲಿ, ಇನ್ನು ಕೆಲವೆಡೆ ರಾಜ್ಯ ಸರ್ಕಾರದ ಅಥವಾ ಪುರಸಭೆಯ ಜಾಗದಲ್ಲಿ ಹೋಗುತ್ತದೆ, ಒಂದೊಂದಕ್ಕೂ ನಿಯಮ ಬೇರೆ. ರಾಷ್ಟ್ರೀಯ ಅರಣ್ಯದಲ್ಲಿ 75 ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವ ಕೂಟಕ್ಕೆ ಪರವಾನಗಿ ಬೇಕು. ಪಾರ್ಕ್ ಸರ್ವೀಸ್‌ನ ನೆಲದಲ್ಲಿ ಮುದ್ರಿತ ಪತ್ರಗಳನ್ನು ಹಂಚುವುದಕ್ಕೆ ಪ್ರತ್ಯೇಕ ಕಟ್ಟಳೆಗಳಿವೆ. ಹೊರಡುವ ಮೊದಲು ಆ ಭಾಗದ ಕಚೇರಿಗೆ ಫೋನ್ ಮಾಡಿ ಕೇಳಿಕೊಳ್ಳಿ.

ಆಹಾರದ ವಿಷಯದಲ್ಲಿ ಎರಡು ಮಾತುಗಳಲ್ಲಿ ರಾಜಿ ಬೇಡ. ತಂಪುಪೆಟ್ಟಿಗೆಯಲ್ಲಿ ತಿಂಡಿ ತುಂಬಿಟ್ಟು ಹೋಗಿಬಿಡಬೇಡಿ. ಕರಡಿ, ರಕೂನ್‌ಗಳು ಅದಕ್ಕೆ ಒಗ್ಗಿಕೊಂಡರೆ ಮುಂದೆ ಬರುವ ಚಾರಣಿಗರಿಗೂ ಆ ಪ್ರಾಣಿಗಳಿಗೂ ಕೇಡು. ಬಡಿಸುವಷ್ಟು ಹೊತ್ತು ನೀವು ಅಲ್ಲೇ ಇದ್ದು, ಮುಗಿದ ಮೇಲೆ ಎಲ್ಲವನ್ನೂ ಹಿಂದಕ್ಕೆ ಒಯ್ಯಿರಿ. ಇನ್ನೊಂದು, ಸೋಪು ಮತ್ತು ಹರಿಯುವ ನೀರು. ಈ ದಾರಿಯಲ್ಲಿ ನೊರೊವೈರಸ್ ವಾಂತಿಭೇದಿ ಆಗಾಗ ಹರಡುತ್ತದೆ, ಅದಕ್ಕೆ ಕೈಗೆ ಸವರುವ ಆಲ್ಕೊಹಾಲ್ ಜೆಲ್ ಸಾಲದು. ನಲ್ಲಿಯಿರುವ ನೀರಿನ ಡಬ್ಬವೊಂದನ್ನು ಮೇಜಿನ ಮೊದಲ ತುದಿಯಲ್ಲಿಟ್ಟರೆ ಎಲ್ಲರೂ ಕೈ ತೊಳೆದೇ ತಟ್ಟೆ ಹಿಡಿಯುತ್ತಾರೆ. ಚಿಪ್ಸ್ ಪೊಟ್ಟಣಗಳನ್ನು ಒಂದೇ ಕೈಯಿಂದ ಎಲ್ಲರ ಬೊಗಸೆಗೆ ಸುರಿಯುವುದು ಲೇಸು, ಎಲ್ಲರ ಕೈಗಳು ಒಂದೇ ಪೊಟ್ಟಣದೊಳಗೆ ಹೋಗುವುದು ಬೇಡ. ಹಣ್ಣು, ಹಸಿ ತರಕಾರಿ, ಮೊಟ್ಟೆ, ಇವಕ್ಕಾಗಿ ಚಾರಣಿಗರು ಹಾತೊರೆಯುತ್ತಾರೆ. ಮಾಂಸವಿಲ್ಲದ ಅಡುಗೆಯನ್ನು ಬೇರೆಯಾಗಿಟ್ಟು ಚೀಟಿ ಅಂಟಿಸಿ. ಮದ್ಯ ಬೇಡ. ಕಸ ತುಂಬಿಸಿಕೊಳ್ಳಲು ಒಂದು ದೊಡ್ಡ ಚೀಲ, ಫೋನ್ ಚಾರ್ಜ್ ಮಾಡಲು ಒಂದು ಬ್ಯಾಟರಿ, ಕುಳಿತುಕೊಳ್ಳಲು ಬೆನ್ನಿರುವ ಕುರ್ಚಿ, ಇವು ಇದ್ದರೆ ಊಟದಷ್ಟೇ ಸಂತೋಷ.

ನೀವು ಯಾರೆಂಬುದನ್ನು ಮುಚ್ಚಿಡಬೇಡಿ. ಚರ್ಚಿನ ಪರವಾಗಿ ಬಂದಿದ್ದರೆ ರಸ್ತೆಗೆ ಕಾಣುವಂತೆ ಸಣ್ಣ ಫಲಕವೊಂದರಲ್ಲಿ ಅದನ್ನು ಬರೆದಿಡಿ, ಊಟ ಉಚಿತವೆಂದೂ ಎಲ್ಲರಿಗೂ ಸ್ವಾಗತವೆಂದೂ ಸೇರಿಸಿ. ಮುಚ್ಚಿಟ್ಟು, ಊಟದ ನಡುವೆ ಬಯಲು ಮಾಡಿದರೆ ಬಂದವರಿಗೆ ಬಲೆಗೆ ಬಿದ್ದಂತೆ ಅನ್ನಿಸುತ್ತದೆ. ಮೊದಲೇ ತಿಳಿದಿದ್ದರೆ ಬೇಡವಾದವರು ಕೈಬೀಸಿ ಮುಂದೆ ಹೋಗುತ್ತಾರೆ, ಬಂದವರು ಗೊತ್ತಿದ್ದೇ ಬರುತ್ತಾರೆ. ಅಪಲೇಚಿಯನ್ ಟ್ರೇಲ್ ಕನ್ಸರ್ವೆನ್ಸಿ, 1925ರಲ್ಲಿ ಸ್ಥಾಪನೆಯಾಗಿ ಈ ದಾರಿಯನ್ನು ನೋಡಿಕೊಳ್ಳುತ್ತ ಬಂದಿರುವ ಸಂಸ್ಥೆ, ಟ್ರೇಲ್ ಮ್ಯಾಜಿಕ್ ಅನ್ನು ಯಾವುದೇ ವ್ಯಾಪಾರದ ಅಥವಾ ಸಂಘಟನೆಯ ಪ್ರಚಾರಕ್ಕೆ ಬಳಸಬೇಡಿ ಎಂದು ಕೇಳಿಕೊಳ್ಳುತ್ತದೆ. ಹೆಸರು ಹೇಳುವುದು ಪ್ರಾಮಾಣಿಕತೆ; ಹೆಸರು ಮುದ್ರಿಸಿದ ಟೋಪಿ, ಚೀಲ, ಪುಸ್ತಿಕೆಗಳನ್ನು ತಟ್ಟೆಯ ಜೊತೆಗೆ ಕೊಡುವುದು ಪ್ರಚಾರ.

ಊಟಕ್ಕೆ ಮೊದಲು ಪ್ರಾರ್ಥನೆ ಮಾಡುವುದು ನಿಮ್ಮ ವಾಡಿಕೆಯಾಗಿದ್ದರೆ ಅದನ್ನು ಬಿಡಬೇಕಾಗಿಲ್ಲ, ಆದರೆ ಬಡಿಸುವವರು ನಿಮ್ಮೊಳಗೇ ಮೊದಲು ಮುಗಿಸಿಕೊಳ್ಳಿ. ಎಲ್ಲರೂ ಕೈಹಿಡಿದು ನಿಲ್ಲಬೇಕೆಂದು ಹಸಿದವರನ್ನು ವೃತ್ತದಲ್ಲಿ ನಿಲ್ಲಿಸುವುದು ನನಗೆ ಸರಿಕಾಣುವುದಿಲ್ಲ. ಒಲ್ಲದವರು ಅಲ್ಲಿ ಕೈ ಬಿಡಿಸಿಕೊಂಡು ಎಲ್ಲರ ಕಣ್ಣಿಗೆ ಬೀಳಬೇಕು, ಇಲ್ಲವೇ ನಂಬದ ಮಾತಿಗೆ ತಲೆಬಾಗಿಸಬೇಕು. ಮನೆಯ ಊಟದ ಮೇಜಾದರೆ, “ನಾವು ಊಟಕ್ಕೆ ಮೊದಲು ಎರಡು ಮಾತು ಪ್ರಾರ್ಥನೆ ಹೇಳಿಕೊಳ್ಳುತ್ತೇವೆ, ನೀವು ಸುಮ್ಮನೆ ಕುಳಿತಿದ್ದರೆ ಸಾಕು” ಎಂದು ಮುಂಚೆಯೇ ಹೇಳಿ, ನಿಜವಾಗಿಯೂ ಎರಡೇ ಮಾತಿನಲ್ಲಿ ಮುಗಿಸಿ. ಪ್ರಾರ್ಥನೆಯ ನೆಪದಲ್ಲಿ ಅತಿಥಿಗೆ ಉಪದೇಶ ಮಾಡುವುದು, ಅಂದರೆ ದೇವರಿಗೆ ಹೇಳುವ ಹಾಗೆ ಹೇಳಿ ಎದುರಿಗಿದ್ದವರಿಗೆ ತಾಗಿಸುವುದು, ಎಲ್ಲರಿಗೂ ಅರ್ಥವಾಗುತ್ತದೆ, ಎಲ್ಲರಿಗೂ ಮುಜುಗರ.

ಕರಪತ್ರ, ಗ್ರಂಥಗಳಿದ್ದರೆ ಊಟದ ಮೇಜಿನಿಂದ ದೂರ ಬೇರೆಯೇ ಮೇಜಿನ ಮೇಲಿಡಿ, ಅದರ ಹಿಂದೆ ಯಾರೂ ನಿಲ್ಲಬೇಡಿ. ಬುತ್ತಿಯ ಚೀಲದೊಳಗೆ ತುರುಕಬೇಡಿ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಕತ್ತರಿಸಿ ತೂಕ ಇಳಿಸುವ ಜನ ಇವರು. ಕೇಳದೆ ಕೊಟ್ಟ ಪುಸ್ತಕವನ್ನು ಮುಂದಿನ ತಂಗುಮನೆಯಲ್ಲೇ ಬಿಟ್ಟು ಹೋಗುತ್ತಾರೆ. ದಾರಿಯುದ್ದಕ್ಕೂ 250ಕ್ಕೂ ಹೆಚ್ಚು ತಂಗುಮನೆಗಳಿವೆ, ಮೂರು ಗೋಡೆಯ ಆ ಮರದ ಗೂಡುಗಳಲ್ಲಿ ತೇವಕ್ಕೆ ಉಬ್ಬಿ ಇಲಿ ಕಡಿದ ಧರ್ಮಪುಸ್ತಕಗಳನ್ನು ಸ್ವಯಂಸೇವಕರು ಕಸದ ಜೊತೆ ಹೊತ್ತು ಇಳಿಸಬೇಕಾಗುತ್ತದೆ. ಪವಿತ್ರವೆಂದು ನೀವು ತಿಳಿದ ಗ್ರಂಥಕ್ಕೆ ಆ ಗತಿ ಬರುವುದು ನಿಮಗೂ ಬೇಡವಷ್ಟೇ. ಬೇಕೆಂದವರಿಗೆ ಫೋನಿನಲ್ಲಿ ಓದಿಕೊಳ್ಳುವ ದಾರಿ ತಿಳಿಸಿ.

ಮಾತು ಆರಂಭವಾದಾಗ

ಧರ್ಮದ ಮಾತೇ ಬೇಡವೆಂದು ನಾನು ಹೇಳುತ್ತಿಲ್ಲ. ಈ ದಾರಿಯನ್ನು ಸುಮ್ಮನೆ ಯಾರೂ ಹಿಡಿಯುವುದಿಲ್ಲ. ಇಡೀ ದಾರಿಯನ್ನು ಒಂದೇ ಬಾರಿ ನಡೆದು ಮುಗಿಸಿದ್ದಾಗಿ ಮೊದಲು ವರದಿಯಾದ ಅರ್ಲ್ ಶೇಫರ್ 1948ರಲ್ಲಿ ಹೊರಟದ್ದು ಎರಡನೆಯ ಮಹಾಯುದ್ಧದ ನೆನಪುಗಳನ್ನು ನಡೆದು ಕಳೆದುಕೊಳ್ಳಲು. ಇಂದಿಗೂ ಸೈನ್ಯದಿಂದ ಮರಳಿದವರು, ಸಂಗಾತಿಯನ್ನು ಕಳೆದುಕೊಂಡವರು, ಕುಡಿತ ಬಿಟ್ಟವರು, ವಿಚ್ಛೇದನ ಮುಗಿಸಿ ಬಂದವರು ಈ ದಾರಿಯಲ್ಲಿ ಸಿಗುತ್ತಾರೆ. ಅವರಲ್ಲಿ ಕೆಲವರಿಗೆ ನಿಜವಾಗಿಯೂ ಮಾತು ಬೇಕಾಗಿರುತ್ತದೆ. ಆರಂಭ ಅವರಿಂದ ಆಗಲಿ ಎಂಬುದಷ್ಟೇ ನನ್ನ ಒತ್ತಾಯ.

ಅದಕ್ಕೆ ನೀವು ಅವಕಾಶ ಮಾಡಿಕೊಡಬಹುದು. “ಎಲ್ಲಿಂದ ಬಂದಿರಿ, ದಾರಿ ಹೇಗಿತ್ತು, ಯಾವುದಾದರೂ ದಿನ ತೀರ ಕಷ್ಟವಾಯಿತೇ” ಎಂದು ಕೇಳಿ ಸುಮ್ಮನಾಗಿ. ಚಾರಣಿಗರು ತಮ್ಮ ದಾರಿಹೆಸರು, ಅಂದರೆ ದಾರಿಯಲ್ಲಿ ಬಳಸುವ ಅಡ್ಡಹೆಸರು, ಹೇಳಿದರೆ ಆ ಹೆಸರಿನಿಂದಲೇ ಕರೆಯಿರಿ, ನಿಜವಾದ ಹೆಸರಿಗಾಗಿ ಒತ್ತಾಯಿಸಬೇಡಿ. “ನೀವು ಇಷ್ಟೆಲ್ಲ ಯಾಕೆ ಮಾಡುತ್ತೀರಿ?” ಎಂದು ಅವರೇ ಕೇಳುತ್ತಾರೆ, ಈ ಪ್ರಶ್ನೆ ಬಹಳ ಸಲ ಬರುತ್ತದೆ. ಅದಕ್ಕೆ ಸಂಕೋಚಪಡದೆ ನೇರವಾಗಿ ಉತ್ತರಿಸಿ: ನಮ್ಮ ನಂಬಿಕೆ ಹೀಗೆ ಕಲಿಸಿದೆ, ಆದ್ದರಿಂದ ಮಾಡುತ್ತೇವೆ. ಅಷ್ಟು ಹೇಳಿ ನಿಲ್ಲಿಸಿ, ಬಡಿಸುವುದನ್ನು ಮುಂದುವರಿಸಿ. ಅವರು ಮತ್ತೆ ಕೇಳಿದರೆ ಮತ್ತೆ ಹೇಳಿ. ಕೇಳದಿದ್ದರೆ ಆ ವಿಷಯ ಅಲ್ಲಿಗೆ ಮುಗಿಯಿತು. ಉತ್ತರ ಒಂದೊಂದೇ ಪದಕ್ಕೆ ಇಳಿಯುವುದು, ಚೀಲದ ಪಟ್ಟಿ ಸರಿಮಾಡಿಕೊಳ್ಳುವುದು, ಕಣ್ಣು ದಾರಿಯ ಕಡೆಗೆ ಹೋಗುವುದು, ಇವೆಲ್ಲ ಸಾಕು ಎಂಬುದರ ಗುರುತು. “ಇನ್ನೊಂದು ಲೋಟ ಕಾಫಿ ಕೊಡಲೇ?” ಎಂದು ಮಾತು ತಿರುಗಿಸುವುದು ನಿಮ್ಮ ಕೆಲಸ, ತಪ್ಪಿಸಿಕೊಳ್ಳುವ ನೆಪವನ್ನು ಅವರೇ ಹುಡುಕುವಂತೆ ಮಾಡಬೇಡಿ.

ಯಾರಾದರೂ ತಮ್ಮ ದುಃಖ ಹೇಳಿಕೊಂಡರೆ ಅದಕ್ಕೆ ದೇವರ ಇಚ್ಛೆಯ ವಿವರಣೆ ಕೊಡಲು ಹೋಗಬೇಡಿ. ಮಗುವನ್ನು ಕಳೆದುಕೊಂಡ ತಂದೆಯ ಎದುರು ವಿವರಣೆಗಳೆಲ್ಲ ಕ್ರೂರವಾಗಿ ಕೇಳಿಸುತ್ತವೆ. ಕೇಳಿಸಿಕೊಳ್ಳಿ. ನಿಮಗೆ ಪ್ರಾರ್ಥಿಸಬೇಕೆನ್ನಿಸಿದರೆ, “ನಿಮಗಾಗಿ ಪ್ರಾರ್ಥಿಸಬಹುದೇ?” ಎಂದು ಮೆಲ್ಲನೆ, ಬೇರೆಯವರ ಕಿವಿಗೆ ಬೀಳದಂತೆ ಕೇಳಿ; ಬೇಡವೆಂದರೆ ಆಗಲಿ ಎನ್ನಿ; ಹೂಂ ಎಂದರೆ ಆಮೇಲೆ ನಿಮ್ಮ ಪಾಡಿಗೆ ಮಾಡಿಕೊಳ್ಳುತ್ತೀರೋ ಈಗಲೇ ಮಾಡಬೇಕೋ ಎಂಬುದನ್ನೂ ಅವರೇ ಆರಿಸಲಿ. ಕೇಳದೆ ಭುಜದ ಮೇಲೆ, ತಲೆಯ ಮೇಲೆ ಕೈಯಿಡಬೇಡಿ. ಡಮಾಸ್ಕಸ್‌ನಲ್ಲಿ ಪ್ರತಿ ಮೇ ತಿಂಗಳು ನಡೆಯುವ ಟ್ರೇಲ್ ಡೇಸ್ ಉತ್ಸವಕ್ಕೆ ಬರುವ ಕೆಲವು ಚರ್ಚು ತಂಡಗಳು ಚಾರಣಿಗರ ಪಾದ ತೊಳೆದು ಗುಳ್ಳೆಗಳಿಗೆ ಮದ್ದು ಹಾಕುತ್ತವೆ. ಶಿಷ್ಯರ ಪಾದ ತೊಳೆದ ಯೇಸುವಿನ ಕಥೆ ಗೊತ್ತಿದ್ದವರಿಗೆ ಅದರ ಅರ್ಥ ಹೇಳದೆಯೇ ತಿಳಿಯುತ್ತದೆ, ಗೊತ್ತಿಲ್ಲದವರಿಗೂ ನೋವು ಕಡಿಮೆಯಾಗುತ್ತದೆ.

ವರ್ಜೀನಿಯಾದ ನೈಋತ್ಯ ಭಾಗದ ಮೆಥಡಿಸ್ಟ್ ಚರ್ಚಿನವರು ಇನ್ನೊಂದು ದಾರಿ ಹಿಡಿದರು. ಚಾರಣಿಗರು ತಮ್ಮ ಬಳಿಗೆ ಬರಲೆಂದು ಕಾಯದೆ, ಒಬ್ಬ ಪಾದ್ರಿಸೇವಕರನ್ನು ಚಾರಣಿಗರ ಜೊತೆ ಜೊತೆಗೇ ಇಡೀ ದಾರಿ ನಡೆಯಲು ಕಳಿಸಿದರು. ಅದೇ ಮಳೆ, ಅದೇ ಹಸಿವು, ಅದೇ ಗುಳ್ಳೆಗಳಿರುವ ಮನುಷ್ಯನ ಬಳಿ ಕೊಡುವವನೆಂಬ ಮೇಲುಗೈ ಇರುವುದಿಲ್ಲ. ಇಷ್ಟವಿಲ್ಲದವರು ಹೆಜ್ಜೆ ಬಿರುಸು ಮಾಡಿ ಮುಂದೆ ಹೋಗಬಹುದು, ಇಷ್ಟವಿದ್ದವರು ಜೊತೆಗೆ ನಡೆಯಬಹುದು. ಧರ್ಮದ ಮಾತಿಗೆ ಇದಕ್ಕಿಂತ ಸಮನಾದ ನೆಲ ಈ ದಾರಿಯಲ್ಲಿ ಬೇರೆ ಇಲ್ಲವೆಂದು ನನಗೆ ತೋರುತ್ತದೆ.

ಸಿಕ್ಕ ಚಾರಣಿಗರ ಲೆಕ್ಕ ಬರೆದಿಟ್ಟು, ಎಷ್ಟು ಜನ ಪ್ರಾರ್ಥನೆಗೆ ಒಪ್ಪಿದರೆಂದು ಸಭೆಗೆ ವರದಿ ಒಪ್ಪಿಸುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನು ಕೈಬಿಡಿ. ಲೆಕ್ಕ ಬಂದೊಡನೆ ಬಡಿಸುವವರ ಕಣ್ಣು ತಟ್ಟೆಯಿಂದ ಲೆಕ್ಕಕ್ಕೆ ಸರಿಯುತ್ತದೆ. ಅತಿಥಿಗಳ ಫೋನ್ ಸಂಖ್ಯೆ, ವಿಳಾಸ ಕೇಳಬೇಡಿ. ಛಾಯಾಚಿತ್ರ ತೆಗೆಯುವ ಮೊದಲು ಅದು ಎಲ್ಲಿಗೆ ಹೋಗುತ್ತದೆಂದು ಹೇಳಿ ಅನುಮತಿ ಪಡೆಯಿರಿ.

ರಾತ್ರಿಯ ತಂಗುದಾಣ

ಮಲಗಲು ಜಾಗ ಕೊಡುವವರು ನಿಯಮಗಳನ್ನು ಬಾಗಿಲಲ್ಲೇ ಬರೆದು ಹಾಕಬೇಕು: ಮದ್ಯವಿಲ್ಲ, ಎಷ್ಟು ಹೊತ್ತಿಗೆ ದೀಪ ಆರುತ್ತದೆ, ಎಷ್ಟು ರಾತ್ರಿ ಇರಬಹುದು, ನಾಯಿಗೆ ಪ್ರವೇಶವಿದೆಯೇ. ಚರ್ಚಿನ ಕಟ್ಟಡದಲ್ಲಿ ಮದ್ಯ ಬೇಡವೆನ್ನುವುದು ಮತಪ್ರಚಾರವಲ್ಲ, ಅದು ಮನೆಯ ಶಿಸ್ತು, ಅತಿಥಿಗಳು ಪಾಲಿಸಲೇಬೇಕು. ಆದರೆ ನಿಯಮ ಎಲ್ಲರಿಗೂ ಒಂದೇ ಇರಲಿ. ಭಾನುವಾರದ ಆರಾಧನೆಗೆ ಬಂದವರಿಗೆ ಇನ್ನೊಂದು ರಾತ್ರಿ, ಬಾರದವರಿಗೆ ಬೆಳಿಗ್ಗೆಯೇ ಬೀಳ್ಕೊಡುಗೆ ಎಂಬಂಥ ಭೇದ ಒಮ್ಮೆ ಕಂಡರೂ ಆ ಸುದ್ದಿ ಇಡೀ ದಾರಿಗೆ ಹರಡುತ್ತದೆ. ಆರಾಧನೆಯ ವೇಳೆಯನ್ನು ಗೋಡೆಗೆ ಅಂಟಿಸಿ, ಇದ್ದ ಬಟ್ಟೆಯಲ್ಲೇ ಬರಬಹುದೆಂದು ಸೇರಿಸಿ. ಬರಲು ಮನಸ್ಸಿರುವ ಎಷ್ಟೋ ಚಾರಣಿಗರು ತಮ್ಮ ಮೈ ವಾಸನೆಗೆ ಹೆದರಿಯೇ ಹಿಂದೆ ಉಳಿಯುತ್ತಾರೆ. ಕಾಣಿಕೆ ಪೆಟ್ಟಿಗೆ ಯಾರೂ ಕಾವಲಿರದ ಮೂಲೆಯಲ್ಲಿರಲಿ.

ಎಚ್ಚರ ಬೇಕಾದ ಒಂದು ಬಗೆ

ಆತಿಥ್ಯವೇ ಸದಸ್ಯರನ್ನು ಸೇರಿಸಿಕೊಳ್ಳುವ ಹೆಬ್ಬಾಗಿಲಾಗಿರುವ ಉದಾಹರಣೆಯೂ ಈ ದಾರಿಯಲ್ಲಿದೆ. ವರ್ಮಾಂಟ್‌ನ ರಟ್‌ಲ್ಯಾಂಡ್ ಊರಿನಲ್ಲಿ ‘ಯೆಲ್ಲೊ ಡೆಲಿ’ ಎಂಬ ಉಪಾಹಾರಗೃಹವನ್ನೂ ಅದರ ಜೊತೆಗೆ ಚಾರಣಿಗರ ತಂಗುದಾಣವನ್ನೂ ನಡೆಸಿಕೊಂಡು ಬಂದವರು ‘ಟ್ವೆಲ್ವ್ ಟ್ರೈಬ್ಸ್’ ಎಂಬ ಸಮುದಾಯದವರು. 1970ರ ದಶಕದ ಆರಂಭದಲ್ಲಿ ಟೆನೆಸೀಯ ಚಾಟನೂಗದಲ್ಲಿ ಹುಟ್ಟಿದ ಈ ಸಮುದಾಯದಲ್ಲಿ ಸದಸ್ಯರು ತಮ್ಮ ಆಸ್ತಿಯನ್ನೆಲ್ಲ ಸಮುದಾಯಕ್ಕೆ ಒಪ್ಪಿಸಿ, ಸಂಬಳವಿಲ್ಲದೆ ಅದರ ಉದ್ಯಮಗಳಲ್ಲಿ ದುಡಿಯುತ್ತಾರೆ. ಮಕ್ಕಳನ್ನು ಬೆತ್ತದಿಂದ ಶಿಕ್ಷಿಸುವ ಕಾರಣಕ್ಕೆ 2013ರಲ್ಲಿ ಜರ್ಮನಿಯ ಅಧಿಕಾರಿಗಳು ಅಲ್ಲಿನ ಸಮುದಾಯದ ಮಕ್ಕಳನ್ನು ಸರ್ಕಾರದ ಪಾಲನೆಗೆ ತೆಗೆದುಕೊಂಡರು. 2018ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದರಲ್ಲಿ ಹಕ್ಕುಚ್ಯುತಿ ಆಗಿಲ್ಲವೆಂದು ತೀರ್ಪಿತ್ತಿತು. ರಟ್‌ಲ್ಯಾಂಡ್‌ನ ಆ ತಂಗುದಾಣದಲ್ಲಿ ಉಳಿದ ಅನೇಕ ಚಾರಣಿಗರು ಶುಚಿಯಾದ ಹಾಸಿಗೆ, ಒಳ್ಳೆಯ ಊಟ, ಮೃದುವಾದ ಮಾತುಗಳನ್ನು ನೆನೆಯುತ್ತಾರೆ. ನಡಿಗೆಯನ್ನು ಅಲ್ಲಿಗೇ ನಿಲ್ಲಿಸಿ ಸಮುದಾಯ ಸೇರಿದವರೂ ಇದ್ದಾರೆ. ಎರಡೂ ನಿಜ.

ತಿಂಗಳುಗಟ್ಟಲೆ ನಡೆದು ದಣಿದವರಿಗೆ, ದಾರಿ ಮುಗಿದ ಮೇಲೆ ಏನು ಮಾಡುವುದೆಂದು ತಿಳಿಯದವರಿಗೆ, ಒಂದು ದುಂಡು ಮೇಜು, ಒಟ್ಟು ಹಾಡು, ದಿನವೂ ಕೆಲಸ ಎಂಬ ಬದುಕು ಆಕರ್ಷಕವಾಗಿ ಕಾಣುವುದು ಸಹಜ. ಆದ್ದರಿಂದ ಯಾವುದೇ ತಂಗುದಾಣದಲ್ಲಿ ಈ ಲಕ್ಷಣಗಳು ಕಂಡರೆ ಜಾಗರೂಕರಾಗಿರಿ: ಒಂದು ರಾತ್ರಿಗೆಂದು ಬಂದವರನ್ನು ಇನ್ನೂ ಒಂದು ದಿನ ಇರಿ, ಇನ್ನೂ ಒಂದು ದಿನ ಇರಿ ಎಂದು ತಡೆಯುವುದು, ಬಾಡಿಗೆಯ ಬದಲು ಮಾಡುವ ಕೆಲಸದ ಗಂಟೆಗಳನ್ನು ಮೊದಲೇ ಹೇಳದಿರುವುದು, ಜೊತೆಗಾರರಿಂದ ಬೇರ್ಪಡಿಸಿ ಮಾತಾಡಿಸುವುದು, ಮನೆಯವರಿಗೆ ಫೋನ್ ಮಾಡುವುದನ್ನು ಹಗುರವಾಗಿ ಕಾಣುವುದು, ಈ ನಡಿಗೆಯನ್ನೇ ಶೂನ್ಯವೆಂದು ಹೇಳುವುದು. ಅಂಥ ಬದುಕು ನಿಜವಾಗಿಯೂ ಬೇಕೆನ್ನಿಸಿದರೆ ಕಟಾಡಿನ್ ಮುಟ್ಟಿ, ಮನೆಗೆ ಹೋಗಿ, ಕೆಲವು ತಿಂಗಳು ಚೆನ್ನಾಗಿ ಉಂಡು ನಿದ್ದೆ ಮಾಡಿ, ಆ ಸಮುದಾಯವನ್ನು ಬಿಟ್ಟು ಬಂದವರು ಹೇಳಿದ್ದನ್ನೂ ತಿಳಿದುಕೊಂಡು ತೀರ್ಮಾನಿಸಿ. ಪ್ರಾಮಾಣಿಕ ಆತಿಥೇಯರು ಕೂಡ ಇದೇ ಸಲಹೆ ಕೊಡಬೇಕು: ಊಟದ ಮೇಜಿನ ಬಳಿ ಭಾವುಕರಾಗಿ ದೀಕ್ಷೆ ಕೇಳಿದವರಿಗೆ ವಿಳಾಸ ಬರೆದುಕೊಟ್ಟು, ನಡಿಗೆ ಮುಗಿಸಿ ಪತ್ರ ಬರೆಯಿರಿ ಎಂದು ಕಳಿಸಿಕೊಡಬೇಕು.

ನಡೆಯುವವರಿಗೆ

ಕೊಟ್ಟದ್ದನ್ನು ಹಕ್ಕೆಂದು ತಿಳಿಯಬೇಡಿ. ಧರ್ಮದ ವಿಷಯದಲ್ಲಿ ನಿಮ್ಮ ನಿಲುವು ಏನೇ ಇರಲಿ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ಕಲಸಿದವರ ಎದುರಿಗೆ ಕುಳಿತು ಅವರ ದೇವರನ್ನು ಹಂಗಿಸುವುದು ಸಣ್ಣತನ. ಧನ್ಯವಾದ ಹೇಳಿ, ಮೇಜು ಒರೆಸಲು ಕೈಜೋಡಿಸಿ, ಕಾಣಿಕೆ ಪೆಟ್ಟಿಗೆಗೆ ಶಕ್ತಿಯಿದ್ದಷ್ಟು ಡಾಲರ್ ಹಾಕಿ. ಬೇರೆ ತಂಗುದಾಣದಲ್ಲಿ ಎಷ್ಟು ತೆರುತ್ತಿದ್ದಿರೋ ಅದನ್ನು ಅಳತೆಯಾಗಿಟ್ಟುಕೊಳ್ಳಬಹುದು. ಪ್ರಾರ್ಥನೆಯ ಹೊತ್ತಿನಲ್ಲಿ ಟೋಪಿ ತೆಗೆದು ಸುಮ್ಮನಿರುವುದರಿಂದ ನಿಮ್ಮ ನಂಬಿಕೆಗೇನೂ ಕೊರತೆಯಾಗುವುದಿಲ್ಲ. ಆದರೆ ಒಂದು ಊಟಕ್ಕೆ ಪ್ರತಿಯಾಗಿ ನಿಮ್ಮ ಮನಸ್ಸಿನ ಒಳಗನ್ನು ತೆರೆದು ತೋರಿಸುವ ಋಣವೂ ನಿಮಗಿಲ್ಲ.

ಬೇಡವೆನ್ನುವ ಮಾತನ್ನು ಮೊದಲೇ ಸಿದ್ಧಮಾಡಿಕೊಂಡಿರಿ, ದಣಿದಾಗ ಹೊಸ ಮಾತು ಹೊಳೆಯುವುದಿಲ್ಲ. “ನಿಮ್ಮ ಊಟಕ್ಕೆ ತುಂಬ ಕೃತಜ್ಞತೆಗಳು. ನನ್ನ ನಂಬಿಕೆಯ ವಿಷಯವನ್ನು ನಾನು ಮಾತಾಡುವುದಿಲ್ಲ, ದಯವಿಟ್ಟು ಬೇಸರಪಡಬೇಡಿ” ಎಂದು ನಗುಮುಖದಿಂದ ಒಮ್ಮೆ ಹೇಳಿ. ಎರಡನೆಯ ಸಲ ಅದೇ ಮಾತನ್ನು ನಗುವಿಲ್ಲದೆ ಹೇಳಿ. ಮೂರನೆಯ ಸಲ ಎದ್ದು ಹೊರಡಿ. ಅಮೆರಿಕದಲ್ಲಿ ನಡೆಯುವ ಭಾರತೀಯರಿಗೆ “ನೀವು ಯಾವ ದೇವರನ್ನು ಪೂಜಿಸುತ್ತೀರಿ?” ಎಂಬ ಪ್ರಶ್ನೆ ಇತರರಿಗಿಂತ ಬೇಗ ಎದುರಾಗಬಹುದು. ಅದು ಬಹುಮಟ್ಟಿಗೆ ಬರಿಯ ಕುತೂಹಲ. ಸ್ವಲ್ಪ ಉತ್ತರಿಸಿ ನೋಡಿ, ಮುಂದಿನ ಪ್ರಶ್ನೆಯಲ್ಲೇ ಅದು ಕುತೂಹಲವೋ ವಾದದ ಪೀಠಿಕೆಯೋ ತಿಳಿದುಹೋಗುತ್ತದೆ. ಕಾರು ಹತ್ತುವ ಮೊದಲು ಚಾಲಕರ ಜೊತೆ ಒಂದು ನಿಮಿಷ ಮಾತಾಡಿ, ಚೀಲವನ್ನು ಡಿಕ್ಕಿಗೆ ಹಾಕದೆ ತೊಡೆಯ ಮೇಲಿಟ್ಟುಕೊಳ್ಳಿ, ಆಗ ಎಲ್ಲಿ ಬೇಕಾದರೂ ಇಳಿಯಬಹುದು.

ಚಾರಣಿಗರೇ ಧರ್ಮಪ್ರಚಾರಕರಾಗಿರುವುದೂ ಉಂಟು. ಬೆಟ್ಟದ ಮೇಲಿನ ತಂಗುಮನೆಯಲ್ಲಿ ಹೊರಗೆ ಗುಡುಗು ಮಳೆ, ಒಳಗೆ ಎಂಟು ಜನ ಮೈಗೆ ಮೈ ತಾಗಿಸಿ ಮಲಗಿರುವಾಗ, ನಡುವಿನಿಂದ ಒಬ್ಬರು ಗಟ್ಟಿಯಾಗಿ ಗ್ರಂಥಪಠಣ ತೊಡಗಿದರೆ ಉಳಿದ ಏಳು ಜನ ಎಲ್ಲಿಗೂ ಹೋಗಲಾರರು. ಕಾಡುಮೇಡುಗಳಲ್ಲಿ ಗುರುತು ಉಳಿಸದೆ ನಡೆದುಕೊಳ್ಳಬೇಕೆನ್ನುವ ‘ಲೀವ್ ನೋ ಟ್ರೇಸ್’ ನೀತಿಯ ಏಳು ತತ್ವಗಳಲ್ಲಿ ಕೊನೆಯದು ಇತರರ ಬಗ್ಗೆ ಕಾಳಜಿ ವಹಿಸಬೇಕೆಂಬುದು; ಅದು ಜೋರಾದ ಸಂಗೀತಕ್ಕೆ ಅನ್ವಯಿಸುವಂತೆ ಜೋರಾದ ಪ್ರಾರ್ಥನೆಗೂ ಅನ್ವಯಿಸುತ್ತದೆ. ನಿತ್ಯದ ಪ್ರಾರ್ಥನೆ, ನಮಾಜು, ಜಪ ಏನಿದ್ದರೂ ಮೌನವಾಗಿ ಅಥವಾ ಹತ್ತು ಹೆಜ್ಜೆ ಆಚೆ ಹೋಗಿ ಮಾಡಿಕೊಳ್ಳಿ. ಹಾಗೆ ಮಾಡಿಕೊಳ್ಳುವವರನ್ನು ಉಳಿದವರು ಕೆಣಕಬೇಡಿ, ಅವರ ಚೀಲವನ್ನು ಮಳೆಗೆ ನೆನೆಯದಂತೆ ಒಳಗೆ ಎಳೆದಿಡಿ. ತಂಗುಮನೆಯ ನೋಂದಣಿ ಪುಸ್ತಕದಲ್ಲಿ ಮುಂದಿನ ನೀರಿನ ಊಟೆ ಬತ್ತಿದೆಯೇ, ಕರಡಿ ಕಂಡಿತೇ ಎಂಬುದನ್ನು ಬರೆಯಿರಿ, ಹಿಂದಿನವರು ಬರೆದ ವಚನಕ್ಕೆ ಪ್ರತಿವಾದ ಬರೆಯಲು ಆ ಹಾಳೆ ಅಲ್ಲ. ರಸ್ತೆಬದಿಯಲ್ಲಿ ಒಳ್ಳೆಯ ಆತಿಥ್ಯ ಸಿಕ್ಕಿದ್ದರೆ ಅದು ಯಾವ ಚರ್ಚಿನದು, ಊಟದ ಜೊತೆ ಪ್ರಾರ್ಥನೆ ಇರುತ್ತದೆಯೇ, ಮಾಂಸವಿಲ್ಲದ್ದು ಸಿಗುತ್ತದೆಯೇ ಎಂಬುದನ್ನು ಹಿಂದೆ ಬರುತ್ತಿರುವವರಿಗೆ ಇದ್ದುದನ್ನು ಇದ್ದಂತೆ ತಿಳಿಸಿ, ಹೋಗಬೇಕೋ ಬೇಡವೋ ಎಂದು ಅವರು ತೀರ್ಮಾನಿಸಿಕೊಳ್ಳಲಿ.